ಗುರುಪಾದ ಕಾಕಾನ ಟಾಪಿಲ್ಲದ ಕಾರು

ನನ್ನ ಮೊಮ್ಮಗಳು ಇಶಾ ಇವತ್ತು ಡ್ರೈವಿಂಗ್ ಟೆಸ್ಟು ಪಾಸಾದಳು! ಮೊದಲನೇ ಸಲಕ್ಕೇ ಪಾಸು! ಬೆಳಿಗ್ಗೆ ನನ್ನ ಕೈಯಿಂದ ಒಂದು ಚಮಚ ಮೊಸರು-ಸಕ್ಕರೆ ತಿಂದು, ಕಾಲಿಗೆ ಬಿದ್ದು ಹೋದ ಹದಿನೇಳು ವರ್ಷದ ಹುಡುಗಿ, ಹನ್ನೆರಡು ಗಂಟೆಗೆ ಫೋನು ಮಾಡಿ, "ಅಜ್ಜೀ, ಐ ಗಾಟ್ ಇಟ್!" ಎಂದು ಕಿರುಚಿದಳು. ಹೋಳಿಗೆಗೆಂದು ಒಲೆಯ ಮೇಲೆ ಇಟ್ಟಿದ್ದ ಕಡಲೆಬೇಳೆಯನ್ನು ಮರೆತೇಬಿಟ್ಟೆ. ಹಿತ್ತಲಿಗೆ ಓಡಿ ಬೇಲಿಯ ಆಚೆಗಿನ ಪಂಜಾಬಿ ಬೆಹನ್‌ಜಿಗೆ ಹೇಳಿದೆ. ಟಪಾಲು ಹಾಕಲು ಬಂದವನಿಗೆ ಹೇಳಿದೆ. ಅವನು ಪಾಪ, ಏನೂ ತಿಳಿಯದೆ ನನಗೇ ಕಂಗ್ರಾಜುಲೇಷನ್ಸ್ ಎಂದ. ಇರಲಿ ಬಿಡಿ, ನನಗೇ ಅಂದುಕೊಂಡೆ! ನಾನು ಆ ಬರೆಯುವ ಪರೀಕ್ಷೆಗೆ ಮೂರು ಸಲ ಕುಳಿತು, ಮೂರು ಸಲವೂ ಎದ್ದು ಬಂದವಳು. ನಮ್ಮ ವಂಶದಲ್ಲಿ ಸ್ಟೇರಿಂಗ್ ಹಿಡಿದ ಮೊದಲನೇ ಹೆಣ್ಣುಮಗಳು ಇವಳೇ.

ಮೂರು ಗಂಟೆಗೆ ಅವಳೇ ಕಾರು ನಡೆಸಿಕೊಂಡು ಬಂದಳು. ಪಕ್ಕದಲ್ಲಿ ನನ್ನ ಮಗ ಮಂಜು ಎದೆಗೆ ಬೆಲ್ಟು ಬಿಗಿದುಕೊಂಡು ದೇವರನ್ನು ನೆನೆಯುತ್ತಾ ಕುಳಿತಿದ್ದ. ಇಶಾ ಇಳಿದು ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಗರಗರ ತಿರುಗಿಸುತ್ತಾ ಒಳಗೆ ಬಂದಳು. ಅವಳ ಮುಖ ಹಿಡಿದು ನೆಟಿಗೆ ಮುರಿದೆ. ಮುರಿಯುತ್ತಿರುವಾಗಲೇ ಹೊಟ್ಟೆಯೊಳಗೆ ಏನೋ ಚುರ್ರೆಂದಿತು. ಇದೇನಪ್ಪಾ ಎಂದು ನನಗೇ ಗಾಬರಿ. ಆಮೇಲೆ ಗುರುತು ಹತ್ತಿತು. ಹೊಟ್ಟೆಕಿಚ್ಚು! ಸ್ವಂತ ಮೊಮ್ಮಗಳ ಮೇಲೆ, ಇಷ್ಟು ಸಂತೋಷದ ದಿನ! ಐವತ್ತು ವರ್ಷದಿಂದ ಬರದಿದ್ದ ಹಳೆಯ ಪರಿಚಯದವಳು ಕದ ತಟ್ಟದೆ ಒಳಗೆ ಬಂದ ಹಾಗಾಯಿತು. ಅವಳನ್ನು ಮೊದಲು ಕಂಡದ್ದೂ ಒಂದು ಕಾರಿನ ನೆಪದಲ್ಲೇ.

ಆಗ ನಾವು ಹುಬ್ಬಳ್ಳಿಯಿಂದ ಈ ಚಳಿದೇಶಕ್ಕೆ ಬಂದು, ಊರ ಅಂಚಿನ ರೆಕ್ಸ್‌ಡೇಲಿನಲ್ಲಿದ್ದೆವು. ಆಗಿನ ರೆಕ್ಸ್‌ಡೇಲ್ ಎಂದರೆ ಕಾರ್ಖಾನೆ, ಅದರ ಪಕ್ಕ ಬಯಲು, ಬಯಲಿನ ಪಕ್ಕ ಹದಿನಾಲ್ಕು ಮಾಳಿಗೆಯ ನಮ್ಮ ಕಟ್ಟಡ. ಲಿಫ್ಟಿನ ಬಾಗಿಲು ತೆರೆದರೆ ಒಂದೊಂದು ಮಾಳಿಗೆಗೂ ಒಂದೊಂದು ದೇಶದ ಒಗ್ಗರಣೆಯ ವಾಸನೆ. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ. ನಾಲ್ಕನೇ ಮಾಳಿಗೆಯಲ್ಲಿ ನಾವು, ಒಂಬತ್ತರಲ್ಲಿ ಗುರುಪಾದ ಕಾಕಾನ ಮನೆ. ಕಾಕಾ ಎಂದರೆ ರಕ್ತಸಂಬಂಧವಲ್ಲ. ನಮ್ಮಪ್ಪ ಮತ್ತು ಅವನು ಹುಬ್ಬಳ್ಳಿಯಲ್ಲಿ ಒಂದೇ ಕಾರ್ಖಾನೆಯ ಫಿಟ್ಟರುಗಳು, ಒಂದೇ ವಿಮಾನದಲ್ಲಿ ಬಂದವರು, ಇಲ್ಲಿಯೂ ಒಂದೇ ಶಿಫ್ಟಲ್ಲಿ ದುಡಿಯುತ್ತಿದ್ದವರು. ಅವನ ಹೆಂಡತಿ ಶಾರದಾ ಕಾಕು. ಅವರ ಮಗಳು ಸುಮಿತ್ರಾ, ನಮ್ಮ ಬಾಯಲ್ಲಿ ಸುಮಿ, ನನ್ನ ವಾರಿಗೆಯವಳು. ಆಗ ನನಗೂ ಅವಳಿಗೂ ಹನ್ನೊಂದು ವರ್ಷ. ನಾನು ಹುಬ್ಬಳ್ಳಿಯಲ್ಲಿ ಮೂರನೇ ಇಯತ್ತೆ ಮುಗಿಸಿ ಬಂದವಳು. ಇಲ್ಲಿಯ ಶಾಲೆಯಲ್ಲಿ ಟೀಚರು ಹೇಳುವುದು ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಸುಮಿ ಕಿವಿಯಲ್ಲಿ ಹೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬೇಗ ಹತ್ತಿತ್ತು. ಆಗ ಅದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಎರಡೂ ಮನೆಯಲ್ಲಿ ಅದೇ ರೊಟ್ಟಿ, ಅದೇ ಸೋಫಾ, ಅದೇ ಬಸ್ಸಿನ ಟಿಕೇಟು. ಕಿಚ್ಚು ಹತ್ತಲು ಎತ್ತರ-ತಗ್ಗು ಬೇಕಲ್ಲ!

ಆ ಬೇಸಿಗೆಯಲ್ಲಿ ಅದು ಬಂತು.

ಕಾರ್ಖಾನೆಯ ಹಳೆಯ ಫೋರ್‌ಮನ್ ತೀರಿಕೊಂಡಿದ್ದ. ಅವನ ಹೆಂಡತಿ ಗ್ಯಾರೇಜಿನಲ್ಲಿದ್ದ ಗಂಡನ ಕಾರನ್ನು ಯಾರಾದರೂ ಒಯ್ಯಲಿ ಎಂದಳು. ಪೆಟ್ರೋಲು ತುಟ್ಟಿಯಾಗಿ ಅಂಥ ದೊಡ್ಡ ಗಾಡಿಗಳನ್ನು ಯಾರೂ ಮೂಸಿ ನೋಡದ ಕಾಲ ಅದು. ಗುರುಪಾದ ಕಾಕಾ ಹೂಂ ಎಂದುಬಿಟ್ಟ. ಒಂದು ಶನಿವಾರ ಲಾರಿಯೊಂದು ಅದನ್ನು ಎಳೆದು ತಂದು ನಮ್ಮ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಬಿಟ್ಟು ಹೋಯಿತು. ನಾನು ನಾಲ್ಕನೇ ಮಾಳಿಗೆಯ ಬಾಲ್ಕನಿಯಿಂದ ನೋಡಿದೆ. ಕಾರು ಎನ್ನಬೇಕೋ ದೋಣಿ ಎನ್ನಬೇಕೋ! ಉಳಿದ ಕಾರುಗಳು ಒಂದು ಗೆರೆಯೊಳಗೆ ನಿಂತರೆ ಇದರ ಬಾಲ ಗೆರೆ ದಾಟಿ ಹೊರಗೆ ಚಾಚಿತ್ತು. ಬೆಣ್ಣೆಯ ಬಣ್ಣದ ಮೈ. ಹಿಂದುಗಡೆ ಎರಡೂ ಬದಿಗೆ ಮೀನಿನ ರೆಕ್ಕೆಯಂತೆ ಎದ್ದ ಚೂಪಾದ ತಗಡು. ಮುಂದೆ ಕನ್ನಡಿಯಂತೆ ಹೊಳೆಯುವ ಬಂಪರು. ಚಕ್ರಗಳಿಗೆ ಬಿಳಿಯ ಅಂಚು. ಮತ್ತು ಮೇಲೆ ಟಾಪೇ ಇಲ್ಲ! ಬಟ್ಟೆಯ ಟಾಪು ಮಡಚಿಕೊಂಡು ಹಿಂದಿನ ಸೀಟಿನ ಬೆನ್ನಿಗೆ ಅಡಗಿತ್ತು. ಒಳಗೆ ಕೆಂಪು ಚರ್ಮದ ಸೀಟುಗಳು, ಮೂರು ಜನ ಕಾಲು ಚಾಚಿ ಕೂರುವಷ್ಟು ಅಗಲ. ಬಿಸಿಲಿಗೆ ಆ ಚರ್ಮದಿಂದ ಒಂದು ವಾಸನೆ ಬರುತ್ತಿತ್ತು. ಹೊಸ ಚಪ್ಪಲಿ, ಹಳೆಯ ಸಿಗರೇಟು, ಯಾರದೋ ಸೆಂಟು ಮೂರೂ ಸೇರಿದ ವಾಸನೆ. ಈಗಲೂ ಕಣ್ಣು ಮುಚ್ಚಿದರೆ ಮೂಗಿಗೆ ಬರುತ್ತದೆ.

ನಮ್ಮ ಕಟ್ಟಡದ ಉಸ್ತುವಾರಿ ನೋಡುತ್ತಿದ್ದವನು ಇಟಲಿಯ ಮುದುಕ. "ಇಲ್ಲಿ ರಿಪೇರಿ ಮಾಡುವ ಹಾಗಿಲ್ಲ" ಎಂದು ಬಯ್ಯಲು ಬಂದವನು ಕಾರನ್ನು ಕಂಡು ಟೊಪ್ಪಿಗೆ ತೆಗೆದ. ತಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಅಮೆರಿಕಾದ ಇಂಥ ಕಾರುಗಳು ರವಿವಾರ ಸಂಜೆ ಕೆರೆಯ ದಂಡೆಗೆ ಸಾಲಾಗಿ ಹೋಗುತ್ತಿದ್ದವಂತೆ. ಹೆಂಗಸರು ಕೂದಲು ಹಾರದಂತೆ ರೇಷ್ಮೆಯ ರುಮಾಲು ಕಟ್ಟಿ, ಕಪ್ಪು ಕನ್ನಡಕ ಹಾಕಿ ಕೂರುತ್ತಿದ್ದರಂತೆ. ಬಯಲಿನಲ್ಲಿ ಪರದೆ ಕಟ್ಟಿ ತೋರಿಸುವ ಸಿನಿಮಾಕ್ಕೆ ಹೋಗಿ, ಕಾರಿನಲ್ಲೇ ಕುಳಿತು, ನೆತ್ತಿಯ ಮೇಲೆ ನಕ್ಷತ್ರ ಇಟ್ಟುಕೊಂಡು ನೋಡುತ್ತಿದ್ದರಂತೆ. ಅವನು ಕೈ ಆಡಿಸಿ ಆಡಿಸಿ ಹೇಳಿದ್ದನ್ನು ಸುಮಿ ನನಗೆ ಕನ್ನಡದಲ್ಲಿ ಹೇಳಿದಳು. ಹೇಳುವಾಗ ಆ ರುಮಾಲಿನ ಹೆಂಗಸು ತಾನೇ ಎಂಬಂತೆ ಕತ್ತು ಎತ್ತಿದ್ದಳು.

ಅಪ್ಪ ಬಾನೆಟ್ಟು ಎತ್ತಿ ಬಹಳ ಹೊತ್ತು ಬಗ್ಗಿ ನೋಡಿದ. ಕೊನೆಗೆ, "ಜೀವ ಐತಿ ಗುರುಪಾದ. ಉಸುರು ಕಟ್ಟೇತಿ ಅಷ್ಟ" ಎಂದ.

"ನೀ ಅದೀಯಲ್ಲಪಾ. ಉಸುರು ಬಿಡಸು" ಎಂದ ಕಾಕಾ.

ಆವತ್ತಿನಿಂದ ಇಡೀ ಬೇಸಿಗೆ ಅಪ್ಪ ಆ ಕಾರಿನ ಕೆಳಗೆ. ಶಿಫ್ಟು ಮುಗಿಸಿ ಬಂದು, ಚಹಾ ಕುಡಿದು, ಹುಬ್ಬಳ್ಳಿಯಿಂದ ಟ್ರಂಕಿನಲ್ಲಿ ತಂದಿದ್ದ ತನ್ನ ಪಾನಾಗಳ ಗಂಟು ಹಿಡಿದು ಕೆಳಗಿಳಿಯುತ್ತಿದ್ದ. ಬೋಲ್ಟು ಬಿಚ್ಚುವ ಕಬ್ಬಿಣದ ಹತಾರಕ್ಕೆ ನಮ್ಮ ಕಡೆ ಪಾನಾ ಎನ್ನುತ್ತೇವೆ. ಹನ್ನೊಂದು ಪಾನಾ, ಒಂದೊಂದರ ಮೇಲೂ ಅಪ್ಪ ಉಳಿಯಿಂದ ಹೊಡೆದ ಗುರುತು. ನನಗೆ ಇಂಗ್ಲಿಷ್ ಓದಲು ಬರದಿದ್ದರೂ ಪಾನಾದ ಮೇಲಿನ ಅಂಕಿ ಬರುತ್ತಿತ್ತು. "ನೀಲಾ, ಅರ್ಧ ಇಂಚು" ಎಂದು ಕಾರಿನ ಕೆಳಗಿಂದ ಕೈ ಬಂದರೆ ಆ ಕೈಗೆ ಅರ್ಧ ಇಂಚಿನದೇ ಹೋಗುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ಸುಮಿಯೂ ಇರುತ್ತಿದ್ದಳು, ಆದರೆ ಅವಳು ಮುಂದಿನ ಸೀಟಿನಲ್ಲಿ. ಕಾಲು ಮಡಚಿ ಕುಳಿತು ರೇಡಿಯೋದ ಗುಂಡಿ ತಿರುಗಿಸುತ್ತಾ, "ಇನ್ನೂ ಆಗಿಲ್ಲೇನ ಕಾಕಾ?" ಎಂದು ನಮ್ಮಪ್ಪನನ್ನು ಕೇಳುತ್ತಿದ್ದಳು.

ಟಾಪನ್ನು ಎತ್ತುವ ಮೋಟಾರು ಮಾತ್ರ ಸತ್ತೇಹೋಗಿತ್ತು. ಅಪ್ಪ ಅದರ ಕೊಂಡಿ ಕಳಚಿ, ಎರಡೂ ಬದಿಗೆ ಒಂದೊಂದು ಬೋಲ್ಟು ಕೂರಿಸಿದ. ಅರ್ಧ ಇಂಚಿನ ಪಾನಾದಿಂದ ಆ ಎರಡು ಬೋಲ್ಟು ಸಡಿಲಿಸಿ, ಇಬ್ಬರು ಎರಡೂ ಬದಿಯಿಂದ ಹಿಡಿದು ಎಳೆದರೆ ಟಾಪು ಏಳುತ್ತಿತ್ತು. ಪಾನಾ ಇಲ್ಲದಿದ್ದರೆ ಅಲ್ಲಾಡುತ್ತಿರಲಿಲ್ಲ.

ನಮ್ಮವ್ವನಿಗೆ ಇದೆಲ್ಲ ಸರಿಬರಲಿಲ್ಲ. "ಮಂದಿ ಕಾರಿನ ಬುಡಕ ಮಲಗಿ ಮಲಗಿ ನಿಮ್ಮ ಬೆನ್ನಿಗೆ ಡಾಂಬರು ಹತ್ತೇತಿ. ನಾಳೆ ಅವ್ರು ಭುರ್ರಂತ ಹೋಗ್ತಾರ. ನಾವು ಬಸ್ ಸ್ಟಾಪಿನ್ಯಾಗ ನಿಂತು ಕೈ ಬೀಸೂಣು" ಎನ್ನುತ್ತಿದ್ದಳು.

"ಗುರುಪಾದ ಮಂದಿ ಏನ?" ಎಂದು ಅಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ. ಅಷ್ಟೇ ಅವನ ಉತ್ತರ.

ಶ್ರಾವಣದ ಒಂದು ಸಂಜೆ ಎಂಜಿನ್ನು ಎದ್ದಿತು. ಎದ್ದಿತು ಎಂದರೆ ಹೇಗೆ! ಮೊದಲು ಕೆಮ್ಮಿತು, ಆಮೇಲೆ ಹೊಗೆ ಉಗುಳಿತು, ಆಮೇಲೆ ಹುಲಿ ಮಲಗಿ ಗುರುಗುಟ್ಟಿದಂತೆ ನಿಧಾನವಾಗಿ ಗುರ್‌ಗುರ್ ಎನ್ನತೊಡಗಿತು. ಎಲ್ಲ ಮಾಳಿಗೆಯ ಬಾಲ್ಕನಿಗಳಿಂದ ಚಪ್ಪಾಳೆ! ಕಾಕಾ ಸುಮಿಯನ್ನು ಎತ್ತಿ ಸ್ಟೇರಿಂಗಿನ ಮುಂದೆ ಕೂರಿಸಿದ. ಅವಳು ಹಾರ್ನು ಒತ್ತಿದಳು. ನಾನು ಬಾಗಿಲ ಹತ್ತಿರ ಹೋಗಿ, "ಸುಮಿ, ನಂಗೊಮ್ಮೆ" ಎಂದೆ.

ಅವಳು ನನ್ನ ಕೈ ನೋಡಿದಳು. "ನಿನ್ನ ಕೈ ಎಣ್ಣಿ ಆಗ್ಯಾವು, ನೀಲಾ. ಸೀಟಿಗೆ ಹತ್ತತೈತಿ."

ಹೌದು, ಎಣ್ಣೆಯಾಗಿತ್ತು. ಎರಡು ತಿಂಗಳು ಅವರ ಕಾರಿಗೆ ಪಾನಾ ಕೊಟ್ಟೂ ಕೊಟ್ಟೂ ಆಗಿತ್ತು. ಅವಳ ಕೈ ಸ್ವಚ್ಛ ಇತ್ತು. ಆ ಕ್ಷಣಕ್ಕೇ ನೋಡಿ, ಹೊಟ್ಟೆಯಲ್ಲಿ ಅದು ಹುಟ್ಟಿದ್ದು.

ಆಮೇಲೆ ಅದಕ್ಕೆ ಸೌದೆ ಹಾಕುವುದೇ ಕೆಲಸ. ಶಾಲೆ ಶುರುವಾದಾಗ ಸುಮಿ ಬರೆದ ಕಾರಿನ ಚಿತ್ರವನ್ನು ಟೀಚರು ಗೋಡೆಗೆ ಹಚ್ಚಿದರು. ನಮ್ಮ ವರ್ಗದ ಹುಡುಗಿಯರು ಅವಳ ಪಕ್ಕ ಕೂರಲು ಜಗಳಾಡಿದರು. ಮನೆಯಲ್ಲಿ ಅವ್ವನ ಕಣ್ಣು ತಪ್ಪಿಸಿ ನಾನು ಬಾಲ್ಕನಿಯಿಂದ ಆ ಕಾರಿನ ಕಡೆಗೆ ಉಗುಳಲೂ ನೋಡಿದ್ದೇನೆ. ನಾಲ್ಕನೇ ಮಾಳಿಗೆಯಿಂದ ಅಲ್ಲಿಗೆ ಮುಟ್ಟಲಿಲ್ಲ.

ದಸರಾ ಬಂತು. ಆ ವರ್ಷ ಹತಾರಗಳಿಗೆ ಪೂಜೆ ಮಾಡುವ ಖಂಡೇನವಮಿ ಶನಿವಾರ, ಮರುದಿನ ರವಿವಾರ ದಸರಾ. ನಮ್ಮ ಕಡೆ ದಸರೆಯ ದಿನ ಊರ ಸೀಮೆ ದಾಟಿ ಹೋಗಿ ಬನ್ನಿಯ ಎಲೆ ತಂದು, ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರಲ್ಲ. ಇಲ್ಲಿ ಬನ್ನಿ ಎಲ್ಲಿಂದ ಬರಬೇಕು? ಆದರೆ ಕಾಕಾ ಸ್ಟ್ರೀಟ್ಸ್‌ವಿಲ್ ಎಂಬ ಆಚೆಯ ಊರಿನಲ್ಲಿ ಒಂದು ಮರ ಕಂಡಿದ್ದ. ಬನ್ನಿಯ ಹಾಗೆಯೇ ಸಣ್ಣ ಸಣ್ಣ ಎಲೆ, ಅದೂ ಈ ಚಳಿ ಬೀಳುವ ಹೊತ್ತಿಗೆ ಪೂರ್ತಿ ಹಳದಿ. "ಹುಬ್ಬಳ್ಳಿ ಬನ್ನಿ ಹಸರ ಇರತೈತಿ. ಇದು ಖರೇನ ಬಂಗಾರ!" ಎಂದು ಕುಣಿದಾಡಿದ. ರೆಕ್ಸ್‌ಡೇಲಿನ ಸೀಮೆ ದಾಟಿ ಟಾಪಿಲ್ಲದ ಕಾರಿನಲ್ಲಿ ಎರಡೂ ಮನೆಯವರು ಹೋಗಿ ಬನ್ನಿ ತರುವುದೆಂದು ನಿಶ್ಚಯವಾಯಿತು.

ನನಗೆ ಒಂದೇ ಚಿಂತೆ. ಮುಂದಿನ ಸೀಟಿನ ನಡುವೆ, ರೇಡಿಯೋದ ಎದುರು ಕೂರುವವರು ಯಾರು?

ಶುಕ್ರವಾರ ಶಾಲೆಯಿಂದ ಬರುವಾಗ ಕೇಳಿಯೇಬಿಟ್ಟೆ. "ನಾನಽ" ಎಂದಳು ಸುಮಿ. "ಮತ್ಯಾರು?"

"ನಮ್ಮಪ್ಪನ ಅಲ್ಲೇನ ಅದನ್ನ ಮಾಡಿದ್ದು?"

"ನಿಮ್ಮಪ್ಪ ರಿಪೇರಿ ಮಾಡಿದ್ದು. ಓನರ್ ನಮ್ಮಪ್ಪ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಅದಕ್ಕೇ ಹೆಚ್ಚು ಉರಿಯಿತು.

ಶನಿವಾರ ಬೆಳಿಗ್ಗೆ ಅಪ್ಪ ಪಾನಾಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ, ಗಂಟು ಕಟ್ಟಿ, "ಕಾಕುನ ಕೈಯಾಗ ಕೊಡು. ಕಾರಿನ ಜೋಡಿನ ಖಂಡಿ ಪೂಜಾ ಆಗಲಿ" ಎಂದು ನನ್ನ ಕೈಗೆ ಕೊಟ್ಟ. ಹುಬ್ಬಳ್ಳಿಯಲ್ಲಾದರೆ ನಮ್ಮ ಹತಾರದ ಪೂಜೆ ನಮ್ಮ ಮನೆಯಲ್ಲಿ, ನಮ್ಮ ದೇವರ ಮುಂದೆ. ಇಲ್ಲಿ ನಮ್ಮಪ್ಪನ ಹತಾರವೂ ಅವರ ಕಾರಿಗೆ ಶೃಂಗಾರ! ಲಿಫ್ಟಿನಲ್ಲಿ ನಾನೊಬ್ಬಳೇ. ಗಂಟು ಬಿಚ್ಚಿ, ಅರ್ಧ ಇಂಚಿನ ಪಾನಾ ತೆಗೆದು ಸ್ವೆಟರಿನ ಕಿಸೆಗೆ ಹಾಕಿಕೊಂಡೆ. ಒಂದಾದರೂ ನಮ್ಮದಾಗಿ ಉಳಿಯಲಿ. ಇದಕ್ಕಿಂತ ಹೆಚ್ಚೇನೂ ಆಗ ನನ್ನ ತಲೆಯಲ್ಲಿ ಇರಲಿಲ್ಲ, ದೇವರಾಣೆ.

ಪೂಜೆ ಭಾರಿ ಚೆನ್ನಾಗಿ ಆಯಿತು. ಕಾಕಾ ಟಾಪು ಮಡಚಿಯೇ ಇಟ್ಟಿದ್ದ. ಹಿಂದಿನ ಸೀಟಿನ ಮೇಲೆ ಬಿಳಿಯ ಟವೆಲ್ಲು, ಅದರ ಮೇಲೆ ಪಾನಾ, ಸುತ್ತಿಗೆ, ಇಕ್ಕಳ. ಮುಂದಿನ ಸೀಟಿನ ನಡುವೆ ದೇವಿಯ ಫೋಟೋ, ಹಣ್ಣು-ಕಾಯಿ. ಶಾರದಾ ಕಾಕು ಎಲ್ಲದಕ್ಕೂ ಕುಂಕುಮ ಹಚ್ಚಿ, ಅಂಗಡಿಯಿಂದ ತಂದ ಹಳದಿ ಹೂವುಗಳನ್ನು ಮೇಲೆ ಸುರಿದಳು. ಹತ್ತಿವೆಯೋ ಹನ್ನೊಂದಿವೆಯೋ ಯಾರಿಗೂ ಕಾಣಲಿಲ್ಲ. ಬೆಣ್ಣೆಯ ಬಣ್ಣದ ಬಾನೆಟ್ಟಿನ ಮೇಲೆ ಸ್ವಸ್ತಿಕ, ನಾಲ್ಕೂ ಗಾಲಿಗೆ ಲಿಂಬೆಹಣ್ಣು. ಇಟಲಿಯ ಮುದುಕ ಕೈ ಕಟ್ಟಿ ನಿಂತು ಎಲ್ಲ ನೋಡಿ, ಎದೆಯ ಮೇಲೆ ತನ್ನ ಶಿಲುಬೆ ಮಾಡಿಕೊಂಡು ಹೋದ.

ಆರತಿ ಮುಗಿಯಿತು. ಎಲ್ಲರೂ ಬುಂದೆ ಉಂಡಿ ತಿನ್ನುತ್ತಾ ನಿಂತಿದ್ದೆವು. ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು.

ಈ ಊರಿನ ಚಳಿಮಳೆ ನಿಮಗೆ ಗೊತ್ತಲ್ಲ. ಗುಡುಗಿಲ್ಲ, ಮಿಂಚಿಲ್ಲ, ಸುಮ್ಮನೆ ಬಂದು ಸುರಿಯುತ್ತದೆ. "ಟಾಪು, ಟಾಪು!" ಎಂದು ಕಾಕಾ ಕೂಗಿದ. ಅಪ್ಪ ಹಿಂದಿನ ಸೀಟಿನತ್ತ ಕೈ ಚಾಚಿದ.

"ಮುಟ್ಟಬ್ಯಾಡ್ರಿ ಅಣ್ಣಾರ!" ಎಂದು ಕಾಕು ಚೀರಿದಳು. "ಪೂಜಾ ಮಾಡಿದ ಹತಾರ! ನಾಳೆ ತನಕ ಎತ್ತಬಾರದು. ನಮ್ಮ ಅಣ್ಣನ ಬೆರಳು ಖಂಡೇನವಮಿ ದಿನಾನ ಹೋದದ್ದು ಮರತ್ರೇನು?"

ಅಪ್ಪನ ಕೈ ಅಲ್ಲೇ ನಿಂತಿತು. ಅವನು ಕಾಕಾನ ಮುಖ ನೋಡಿದ. "ನಿನ್ನ ಗಾಡಿ. ನೀ ಹೇಳು, ಎತ್ತತೀನಿ."

ಕಾಕಾ ಹೆಂಡತಿಯನ್ನು ನೋಡಿದ, ದೇವಿಯ ಫೋಟೋ ನೋಡಿದ, ಆಕಾಶ ನೋಡಿದ. "ಬ್ಯಾಡ" ಎಂದ. "ಬ್ಯಾಡೋ ಮಾರಾಯಾ, ಹೊಸಾ ಗಾಡಿ."

ಪೂಜೆಯಾದ ಗಾಡಿಯನ್ನು ಆ ದಿನ ಚಾಲೂ ಮಾಡುವ ಹಾಗೂ ಇಲ್ಲ, ಆದ್ದರಿಂದ ಮಾಡಿನ ಕೆಳಗೆ ಒಯ್ಯುವಂತೆಯೂ ಇಲ್ಲ. ಅವ್ವ ಮತ್ತು ಕಾಕು ಚಾದರ ತರಲು ಓಡಿದರು. ಲಿಫ್ಟು ಬರಲಿಲ್ಲ. ಕಾಕಾ ಮೆಟ್ಟಿಲು ಹತ್ತಿ ಓಡಿ ತನ್ನ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯನ್ನೇ ಕಿತ್ತು ತಂದ, ಮೇಲೆ ಮೀನಿನ ಚಿತ್ರವಿದ್ದದ್ದು. ಹೊದೆಸುವಾಗ ಅದು ಹಿಂದಿನ ರೆಕ್ಕೆಯ ಚೂಪಿಗೆ ಸಿಕ್ಕಿ ಪರ್ರೆಂದು ಹರಿಯಿತು. ಉಳಿದ ತುಂಡು ಪಾನಾಗಳ ಮೇಲೆ ಬಿತ್ತು, ಸೀಟಿಗೆ ಸಾಲಲಿಲ್ಲ. ಕುಂಕುಮ ಕರಗಿ ಕೆಂಪು ಚರ್ಮದ ಹೊಲಿಗೆಗಳೊಳಗೆ ಇಳಿಯಿತು. ಸೀಟಿನ ತಗ್ಗುಗಳಲ್ಲಿ ನೀರು ನಿಂತಿತು.

ಪೂಜೆಯಾಗದ ಪಾನಾ ನನ್ನ ಕಿಸೆಯಲ್ಲಿತ್ತು. ಅದಕ್ಕೆ ಕುಂಕುಮ ಹತ್ತಿರಲಿಲ್ಲ, ಅದನ್ನು ಮುಟ್ಟಿದರೆ ದೋಷವಿರಲಿಲ್ಲ. "ಅಪ್ಪಾ, ತಗೋ" ಎಂದಿದ್ದರೆ ಎರಡು ನಿಮಿಷದ ಕೆಲಸ. ಕಿಸೆಯೊಳಗೆ ನನ್ನ ಕೈ ಅದನ್ನು ಹಿಡಿದೇ ಇತ್ತು. ತಣ್ಣಗಿತ್ತು.

ಸುಮಿ ಸೀಟಿನ ಮೇಲೆ ಬಗ್ಗಿ ತನ್ನ ಫ್ರಾಕಿನಿಂದ ನೀರು ಒರೆಸುತ್ತಿದ್ದಳು. ಒರೆಸಿದಷ್ಟೂ ಬೀಳುತ್ತಿತ್ತು. ಅವಳು ಅಳುತ್ತಾ, "ನೀಲಾ, ಬಾರಽ, ಈ ಕಡೆ ಒರಸು" ಎಂದಳು. ನಾನು ಹೋಗಲಿಲ್ಲ. ಕಟ್ಟಡದ ಗೋಡೆಗೆ ಒರಗಿ ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಉಂಡಿಯ ಸಿಹಿ ಇನ್ನೂ ಬಾಯಲ್ಲಿತ್ತು. ಬೀಳಲಿ, ಇನ್ನೂ ಬೀಳಲಿ ಎಂದುಕೊಂಡೆ.

ಆಗ ಅಪ್ಪ ತನ್ನ ಕೋಟು ಬಿಚ್ಚಿದ. ಮೊದಲನೇ ಚಳಿಗಾಲದಲ್ಲಿ ಕೊಂಡ ಉಣ್ಣೆಯ ಕೋಟು, ಅವನಿಗೆ ಇದ್ದದ್ದು ಅದೊಂದೇ. ಅದನ್ನು ಮುಂದಿನ ಸೀಟಿನ ನಡುವೆ ದೇವಿಯ ಫೋಟೋದ ಮೇಲೆ ಹೊದೆಸಿ, ಅಂಚುಗಳನ್ನು ಒಳಗೆ ಮಡಚಿದ. ಆಮೇಲೆ ಬರೀ ಅಂಗಿಯಲ್ಲಿ ಆ ಮಳೆಯಲ್ಲಿ ಸುಮ್ಮನೆ ನಿಂತ. ಬೇರೆಯವರ ಗಾಡಿ ಕೆಟ್ಟರೆ ಹಾಗೆ ಯಾರೂ ನಿಲ್ಲುವುದಿಲ್ಲ. ನನ್ನ ಖುಷಿ ಅಲ್ಲಿಗೆ ಮುಗಿಯಿತು. ಆದರೂ ಕೈ ಕಿಸೆಯಿಂದ ಹೊರಗೆ ಬರಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದವಳು ಈಗ ಕೊಟ್ಟರೆ ಇಲ್ಲಿಯವರೆಗೆ ಯಾಕೆ ಸುಮ್ಮನಿದ್ದೆ ಎನ್ನುತ್ತಾರಲ್ಲ!

ಮರುದಿನ ಸೂರ್ಯ ಏನೂ ಆಗದವನಂತೆ ಬಂದ. ಎಲ್ಲರಿಗಿಂತ ಮೊದಲು ಕೆಳಗಿಳಿದು, ಹರಿದ ಪರದೆಯ ಅಡಿಯಲ್ಲಿ ಕೈ ಹಾಕಿ ಪಾನಾವನ್ನು ಉಳಿದವುಗಳ ನಡುವೆ ತೂರಿಸಿದೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಹತಾರಗಳಿಗೆ ನಮಸ್ಕಾರ ಮಾಡಿ ಒಂದೊಂದೇ ಎತ್ತತೊಡಗಿದ. ಎಲ್ಲಕ್ಕೂ ಕುಂಕುಮದ ಗೆರೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ. ಅರ್ಧ ಇಂಚಿನದು ಕೈಗೆ ಬಂತು. ಒಣಗಿತ್ತು. ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಕುಂಕುಮ ಇರಲಿಲ್ಲ.

ಅಪ್ಪ ಅದನ್ನು ತಿರುಗಿಸಿ ನೋಡಿದ. ಅವನು ನನ್ನ ಕಡೆ ನೋಡಲೇ ಇಲ್ಲ. ಕಾಕುನ ಕುಂಕುಮದ ಬಟ್ಟಲಿನ ತಳದಲ್ಲಿ ಒದ್ದೆಯಾಗಿ ಉಳಿದಿದ್ದರಲ್ಲಿ ಹೆಬ್ಬೆರಳು ಅದ್ದಿ, ಆ ಪಾನಾಕ್ಕೆ ಒಂದು ಬೊಟ್ಟು ಇಟ್ಟು, ಗಂಟಿಗೆ ಸೇರಿಸಿದ.

ಅಷ್ಟೇ. ಆ ದಿನವೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಸೀಟುಗಳೆಲ್ಲ ತೊಯ್ದು ತೊಪ್ಪೆ. ಎಲ್ಲರೂ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಹತ್ತಿದರು. ಕೋಟು ಹೊದೆಸಿದ್ದ ಜಾಗ ಮಾತ್ರ ಒಣಗಿತ್ತು. ಅದೇ, ಮುಂದಿನ ಸೀಟಿನ ನಡುವೆ, ರೇಡಿಯೋದ ಎದುರು. ಸುಮಿ ನನ್ನ ಕೈ ಹಿಡಿದು ಎಳೆದಳು. "ನೀ ಕುಂದ್ರು. ನಿಮ್ಮಪ್ಪನ ಕೋಟಿನ್ಲೆ ಉಳದದ್ದು, ನಿನ್ನ ಜಾಗಾ ಅದು" ಎಂದಳು. ತಾನು ಹಿಂದೆ ಒದ್ದೆಯಲ್ಲಿ ಕುಳಿತಳು.

ಒಂದು ಇಡೀ ಬೇ‍ಸಿಗೆ ಬಯಸಿದ್ದ ಜಾಗ. ಕುಳಿತೆ. ಬಿಸಿಲು, ಗಾಳಿ, ನೆತ್ತಿಯ ಮೇಲೆ ನೀಲಿ ಆಕಾಶ. ಸ್ಟ್ರೀಟ್ಸ್‌ವಿಲ್ಲಿನ ಕ್ವೀನ್ ಸ್ಟ್ರೀಟಿನಲ್ಲಿ ಅಂಗಡಿಯವರು ಹೊರಗೆ ಬಂದು ನೋಡಿದರು, ಒಬ್ಬ ಮುದುಕ ಕಾರಿಗೆ ಸಲಾಮು ಹೊಡೆದ. ಅವ್ವ ಕೂಡ ಸೆರಗು ಬಿಗಿಯಾಗಿ ಹಿಡಿದು ನಗುತ್ತಿದ್ದಳು. "ರೇಡಿಯೋ ಹಚ್ಚಽ ನೀಲಾ!" ಎಂದು ಸುಮಿ ಹಿಂದಿನಿಂದ ಕೂಗಿದಳು. ನಾನು ಗುಂಡಿ ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ. ಮರದ ಕೆಳಗೆ ಸುಮಿ ಒಂದು ಹಿಡಿ ಹಳದಿ ಎಲೆ ನನ್ನ ಅಂಗೈಗೆ ಹಾಕಿ, ನಾವಿಬ್ಬರೂ ಬಂಗಾರದಂಗ ಇರೂಣು ಎಂದಾಗ, ನನಗೆ ತಿರುಗಿ ಹೇಳಲು ಬಾಯಿ ಬರಲಿಲ್ಲ.

ಆ ಚಳಿಗಾಲ ಸೀಟಿನೊಳಗಿನ ನೀರು ಹೆಪ್ಪುಗಟ್ಟಿ ಚರ್ಮ ಸೀಳಿತು. ಹೊಲಿಗೆ ಬಿಟ್ಟಿತು, ಒಳಗೆ ಬೂಷ್ಟು ಹಿಡಿಯಿತು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ತಳದ ತಗಡೂ ತುಕ್ಕು ಹಿಡಿದು ಹೋಯಿತು ಎಂದು ಅಪ್ಪ ಹೇಳುತ್ತಿದ್ದ. ಆ ಮಳೆ ಬೀಳದಿದ್ದರೂ ಕಾರು ಬಹಳ ದಿನ ಬಾಳುತ್ತಿರಲಿಲ್ಲವಂತೆ. ನನಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದ. ಮುಂದಿನ ಬೇಸಿಗೆಗೆ ಗುಜರಿಯವನು ಬಂದು ಎಳೆದುಕೊಂಡು ಹೋದ. ಕಾಕಾ ಆಮೇಲೆ ಸಣ್ಣ ಜಪಾನಿ ಕಾರು ತಂದ, ಮರುವರ್ಷ ಅಪ್ಪನೂ ಅಂಥದೇ ತಂದ. ಎರಡೂ ಮನೆಯವರು ಸೀಮೆ ದಾಟಲು ಬೇರೆ ಬೇರೆ ಕಾರಿನಲ್ಲಿ ಹೋದೆವು. ಆಮೇಲೆ ಒಂದು ವರ್ಷ ಬೇರೆ ಬೇರೆ ಹೊತ್ತಿಗೆ ಹೋದೆವು. ಆಮೇಲೆ ಫೋನಿನಲ್ಲಿ ಬನ್ನಿ.

ಇವತ್ತು ರಾತ್ರಿಯ ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಮಂಜು, ಸೊಸೆ ಪ್ರಿಯಾ, ಇಶಾ, ಅವಳ ತಂಗಿ ತನ್ವಿ, ನಾನು ಎಲ್ಲರೂ ಮೇಜಿನ ಸುತ್ತ ಕುಳಿತೆವು. ಕಿಟಕಿಯಿಂದ ನೋಡಿದರೆ ನಮ್ಮ ಮನೆಯ ಮುಂದೆ ಮೂರು ಕಾರು, ಎದುರು ಮನೆಯ ಮುಂದೆ ನಾಲ್ಕು. ಅವರ ಕಾರಿನ ಬಣ್ಣ ಕೇಳಿದರೆ ನನಗೆ ಹೇಳಲು ಬರದು. ಅವರಿಗೆ ನಮ್ಮ ಹೆಸರೂ ಗೊತ್ತಿರಲಿಕ್ಕಿಲ್ಲ. ಹೊಟ್ಟೆಕಿಚ್ಚು ಪಡುವಷ್ಟು ಹತ್ತಿರದವರು ಯಾರೂ ಉಳಿಯಲಿಲ್ಲ. ಅಪ್ಪ ಹೋದ, ಕಾಕಾ ಹೋದ. ಸುಮಿ ಹೋಗಿ ಆರು ವರ್ಷ. ಪ್ರತಿ ದಸರೆಗೆ ಫೋನು ಮಾಡುತ್ತಿದ್ದಳು, ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಹೇಳಲಿಲ್ಲ. ಇನ್ನು ಹೇಳಲು ಅವಳಿಲ್ಲ.

ಅದಕ್ಕೇ ಇವರಿಗೆ ಹೇಳಿದೆ. ಮೊದಲನೇ ಸಲ, ಪೂರ್ತಿ, ಹೋಳಿಗೆ ಬಡಿಸುತ್ತಾ ಬಡಿಸುತ್ತಾ.

ಇಶಾ ಕೈಯಲ್ಲಿನ ತುತ್ತು ಕೈಯಲ್ಲೇ ಹಿಡಿದು, "ಅಜ್ಜೀ! ಯು ಜಸ್ಟ್ ಸ್ಟುಡ್ ದೇರ್?" ಎಂದಳು.

"ಹೂಂ. ನಿಂತಿದ್ದೆ."

"ಅಜ್ಜಗ ಗೊತ್ತಿತ್ತು. ಆದ್ರೂ ಏನೂ ಅನ್ನಲಿಲ್ಲಾ?" ಎಂದ ಮಂಜು. ಪ್ರಿಯಾ ಅವನ ಕೈ ಅದುಮಿ ಸುಮ್ಮನಾಗಿಸಿದಳು.

ಅಕ್ಕ ಕೀಲಿ ತಿರುಗಿಸುತ್ತಾ ಬಂದಾಗಿನಿಂದ ತನ್ವಿ ಮುಖ ಊದಿಸಿಕೊಂಡಿದ್ದಳು. ಹದಿಮೂರು ವರ್ಷ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅವಳು ತಟ್ಟೆಯಿಂದ ತಲೆ ಎತ್ತಿದಳು.

"ನಾನಿದ್ರೂ ಪಾನಾ ಕೊಡ್ತಿದ್ದಿಲ್ಲ, ಅಜ್ಜೀ" ಎಂದಳು. ಅಚ್ಚ ಕನ್ನಡದಲ್ಲಿ!

ಇಶಾ ಅವಳ ತಲೆಗೆ ಮೊಟಕಿದಳು. ಮಂಜುವಿಗೆ ನಗು ಬಂದು ಸಾರು ನೆತ್ತಿಗೇರಿತು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತನ್ವಿ ತಾನೂ ನಗುತ್ತಾ, ಮಧ್ಯಾಹ್ನದಿಂದ ಮಾತಾಡಿಸದಿದ್ದ ಅಕ್ಕನ ಮುಂದೆ ತಟ್ಟೆ ಚಾಚಿ, "ತುಪ್ಪ ಹಾಕು" ಎಂದಳು. ಇಶಾ ಹಾಕಿದಳು. ಹೋಳಿಗೆ ಇನ್ನೂ ಬಿಸಿಯಾಗಿತ್ತು. ಎಲ್ಲರೂ ಊಟಕ್ಕೆ ಕೈ ಹಾಕಿದೆವು.